ಗೋಡೆ ಬೀರು ಖಾಲಿಯಿದ್ದರೆ ಅಲ್ಲೇ ಒಂದು ಪುಟ್ಟ ಆಫೀಸು

ಬೆಂಗಳೂರು, ಮೈಸೂರು ಕಡೆಯ ಹಳೆಯ ಮನೆಗಳಲ್ಲಿ ಮಲಗುವ ಕೋಣೆಗೊಂದು ಗೋಡೆ ಬೀರು ಸಾಮಾನ್ಯ. ಎರಡು ಗೋಡೆಗಳ ನಡುವೆ ಸುಮಾರು 5 ಅಡಿ ಅಗಲ, 2 ಅಡಿ ಆಳ, 7 ಅಡಿ ಮೇಲೆ ಸಜ್ಜಾ, ಒಳಗೆ ಕಡಪ ಕಲ್ಲಿನ ಶೆಲ್ಫು, ಮುಂದೆ ಮರದ ಬಾಗಿಲು. ಮಕ್ಕಳು ಓದಲು ಹೊರಗೆ ಹೋದ ಮೇಲೋ, ಬೇರೆ ಕಡೆ ಹೊಸ ವಾರ್ಡ್‌ರೋಬ್ ಮಾಡಿಸಿದ ಮೇಲೋ ಇವುಗಳಲ್ಲೊಂದು ಹಳೆ ಹಾಸಿಗೆ, ಸೂಟ್‌ಕೇಸು ತುಂಬುವ ಜಾಗವಾಗಿ ಉಳಿದುಬಿಡುತ್ತದೆ. ಒಬ್ಬರು ದಿನಕ್ಕೆ ಎಂಟು ಗಂಟೆ ಕೂತು ಕೆಲಸ ಮಾಡಲು ಅಷ್ಟು ಜಾಗ ಧಾರಾಳವಾಗಿ ಸಾಕು. ಆದರೆ ಇಲ್ಲಿ ಎಲ್ಲವೂ ಇಂಚಿನ ಲೆಕ್ಕ. ಕೋಣೆಯ ಮಧ್ಯೆ ಹಾಕಿದ ಮೇಜು ಎರಡು ಇಂಚು ಆಚೀಚೆಯಾದರೆ ಸರಿಸಬಹುದು, ಗೋಡೆಗೆ ಕೂರಿಸಿದ ಮೇಜನ್ನು ಸರಿಸಲಾಗದು.

ಈ ಬರಹದುದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಒಳಗಿನ ಅಗಲ 60 ಇಂಚು, ಆಳ 22 ಇಂಚು, ಸಜ್ಜಾ ತಳ ನೆಲದಿಂದ 84 ಇಂಚು. ನಿಮ್ಮದು ಬೇರೆಯಿದ್ದರೆ ಅದಕ್ಕೆ ತಕ್ಕಂತೆ ಲೆಕ್ಕ ಬದಲಿಸಿಕೊಳ್ಳಿ. ಅಗಲ 36 ಇಂಚಿಗಿಂತ ಕಡಿಮೆಯಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಮೌಸ್ ಹಿಡಿದ ಕೈಯ ಮೊಣಕೈ ಗೋಡೆಗೆ ತಾಗುತ್ತಲೇ ಇರುತ್ತದೆ.

ಮೊದಲು ಮೊಣಕಾಲಿನ ಅಳತೆ

ಹೆಚ್ಚಿನವರು ಮೇಜಿನ ಮೇಲೆ ಏನೇನು ಇಡಬೇಕು ಎಂಬುದರಿಂದ ಶುರು ಮಾಡುತ್ತಾರೆ. ಅದು ತಪ್ಪು. ಮೇಜಿನ ಕೆಳಗೆ ಕಾಲು ಎಲ್ಲಿ ಹೋಗುತ್ತದೆ ಎಂಬುದರಿಂದ ಶುರು ಮಾಡಬೇಕು.

ನೀವು ಬಳಸಲಿರುವ ಕುರ್ಚಿಯಲ್ಲೇ ಪಾದ ಪೂರ್ತಿ ನೆಲಕ್ಕೆ ಊರಿ ಕೂತುಕೊಳ್ಳಿ. ತೋಳು ಇಳಿಬಿಟ್ಟು ಮೊಣಕೈ ಮಡಚಿ, ನೆಲದಿಂದ ಮೊಣಕೈವರೆಗಿನ ಎತ್ತರವನ್ನು ಇನ್ನೊಬ್ಬರಿಂದ ಅಳತೆ ಮಾಡಿಸಿ. 5 ಅಡಿ 3 ಇಂಚು ಎತ್ತರದವರಿಗೆ ಇದು 25-26 ಇಂಚು, 5 ಅಡಿ 8 ಇಂಚಿನವರಿಗೆ 27 ಇಂಚಿನ ಆಸುಪಾಸು ಬರುತ್ತದೆ. ಟೈಪ್ ಮಾಡುವ ಮಟ್ಟ ಇದಕ್ಕೆ ಎಷ್ಟು ಹತ್ತಿರವಿದ್ದರೆ ಹೆಗಲು ಅಷ್ಟು ಹಗುರ. ಬಡಗಿಗೆ ಏನೂ ಹೇಳದಿದ್ದರೆ 30 ಇಂಚಿಗೆ ಮೇಜು ಕೂರಿಸಿ ಹೋಗುತ್ತಾರೆ. ಅದು ಬರೆಯುವ ಮೇಜಿನ ಹಳೆಯ ರೂಢಿ. ಕೀಬೋರ್ಡಿಗೆ ಅದು ಎತ್ತರವಾಯಿತು, ಸಂಜೆಯೊಳಗೆ ಕುತ್ತಿಗೆ ಬಿಗಿಯುತ್ತದೆ. ಮನೆಯಲ್ಲಿ ಇಬ್ಬರು ಸರದಿಯಲ್ಲಿ ಬಳಸುವುದಾದರೆ 28 ಇಂಚು ಒಳ್ಳೆಯ ರಾಜಿ. ನಮ್ಮ ಉದಾಹರಣೆಗೂ ಅದನ್ನೇ ಇಟ್ಟುಕೊಳ್ಳೋಣ.

ಕಾಲಿಗೆ ಮೇಜಿನಡಿ ಕನಿಷ್ಠ 24 ಇಂಚು ಅಗಲ, 25 ಇಂಚು ಎತ್ತರ, ಮೊಣಕಾಲಿನ ಮಟ್ಟದಲ್ಲಿ 18 ಇಂಚು ಆಳ ಖಾಲಿ ಬೇಕು. ಇಲ್ಲೇ ಗೋಡೆ ಬೀರುವಿನ ದೊಡ್ಡ ತೊಡಕು ಎದುರಾಗುವುದು: ಅದರ ತಳ ಕೋಣೆಯ ನೆಲಕ್ಕಿಂತ 3-4 ಇಂಚು ಎತ್ತರದ ಕಟ್ಟೆಯ ಮೇಲಿರುತ್ತದೆ. ಕುರ್ಚಿ ಕೆಳಗೆ, ಪಾದ ಕಟ್ಟೆಯ ಮೇಲೆ ಎಂದಾದರೆ ಮೊಣಕಾಲು ಅಷ್ಟೇ ಇಂಚು ಮೇಲೇರಿ ತೊಡೆ ಮೇಜಿಗೆ ಒತ್ತುತ್ತದೆ. ಕುಳ್ಳಗಿದ್ದು ಕುರ್ಚಿಯನ್ನು ಏರಿಸಿಕೊಂಡು ಕೂರುವವರಿಗೆ ಇದೇ ಕಟ್ಟೆ ಕಾಲುಮಣೆಯಂತೆ ಒದಗುತ್ತದೆ, ಅವರು ಬಿಟ್ಟುಕೊಳ್ಳಬಹುದು. ಉಳಿದವರು ಒಡೆಸುವುದೇ ಲೇಸು. ಒಡೆದ ಮೇಲೆ ಕೆಳಗೆ ಟೈಲ್ಸ್ ಇರುವುದಿಲ್ಲ, ಬರೀ ಕಾಂಕ್ರೀಟು. ಅಲ್ಲಿಗೆ ಒಂದು ಗ್ರಾನೈಟ್ ಪಟ್ಟಿಯನ್ನೋ ಮನೆಯಲ್ಲಿ ಉಳಿದ ಟೈಲ್ಸನ್ನೋ ಕೋಣೆಯ ನೆಲದ ಮಟ್ಟಕ್ಕೇ ಕೂರಿಸಬೇಕು. ಅರ್ಧ ಇಂಚು ಏರುಪೇರಾದರೂ ಕುರ್ಚಿಯ ಗಾಲಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಕುರ್ಚಿಯ ಹಿಂದಿನ ಜಾಗವನ್ನೂ ನೋಡಿ. ಮೇಜಿನ ಅಂಚಿನಿಂದ ಮಂಚದವರೆಗೆ 36 ಇಂಚು ಇದ್ದರೆ ಎದ್ದು ಕೂರಲು ಸಲೀಸು. 30ಕ್ಕಿಂತ ಕಡಿಮೆಯಾದರೆ ಕುರ್ಚಿಯನ್ನು ಓರೆಯಾಗಿ ಎಳೆದು ನುಸುಳಬೇಕಾಗುತ್ತದೆ.

ಬಾಗಿಲು ಇರಲೋ, ಬೇಡವೋ

ಮುಂದಿನ ಎಲ್ಲ ಅಳತೆಯೂ ಈ ಒಂದು ತೀರ್ಮಾನದ ಮೇಲೆ ನಿಂತಿದೆ. ಹಾಗಾಗಿ ಬಡಗಿಯನ್ನು ಕರೆಯುವ ಮೊದಲೇ ನಿರ್ಧರಿಸಿ.

ಬಾಗಿಲು ತೆಗೆದರೆ ಮೇಜು 24 ಇಂಚು ಆಳ ಬರಬಹುದು. ಹಿಂದೆ ವೈರಿಗೆಂದು 1 ಇಂಚು ಸಂದು ಬಿಟ್ಟರೆ, 22 ಇಂಚಿನ ಗೂಡಿನಿಂದ ಮೇಜು 3 ಇಂಚು ಮುಂದಕ್ಕೆ ಚಾಚುತ್ತದೆ. ಕಣ್ಣಿನಿಂದ ಮಾನಿಟರಿಗೆ ಒಂದು ತೋಳಿನಷ್ಟು, ಅಂದರೆ 20ರಿಂದ 28 ಇಂಚು ದೂರ ಬೇಕು. 24 ಇಂಚಿನ ಮೇಜಿನಲ್ಲಿ ಅದು ಸರಿಯಾಗಿ ಸಿಗುತ್ತದೆ.

ಬಾಗಿಲು ಉಳಿಸಿಕೊಂಡು ಸಂಜೆ ಮುಚ್ಚಿಬಿಡುವ ಆಸೆಯಿದ್ದರೆ ಮೇಜಿನ ಆಳ 20 ಇಂಚಿಗೆ ಇಳಿಯುತ್ತದೆ. ಆಗ ಕೀಬೋರ್ಡನ್ನು ಮೇಜಿನ ಮೇಲಿಟ್ಟರೆ ಪರದೆ ತೀರಾ ಮುಖದ ಮುಂದೆ ಬರುತ್ತದೆ. ಇದಕ್ಕೆ ಪರಿಹಾರ, ಕೆಳಗಿನಿಂದ ಎಳೆಯುವ ಕೀಬೋರ್ಡ್ ಟ್ರೇ: ಬಾಲ್ ಬೇರಿಂಗ್ ಇರುವ 18 ಇಂಚಿನ ಟೆಲಿಸ್ಕೋಪಿಕ್ ಚಾನಲ್ ಒಂದು ಜೊತೆ, 11 ಇಂಚು ಆಳದ ಪ್ಲೈವುಡ್ ಹಲಗೆ. ಮೇಜನ್ನು 30 ಇಂಚಿಗೆ ಏರಿಸಿ ಟ್ರೇಯನ್ನು 27ಕ್ಕೆ ಕೂರಿಸಿದರೆ ಟೈಪಿಂಗ್ ಮಟ್ಟವೂ ಸರಿ, ಮೊಣಕಾಲಿಗೂ 26 ಇಂಚು ಸಿಗುತ್ತದೆ. ರೋಲರ್ ಚಾನಲ್ ಹಾಕಿಸಬೇಡಿ. ಮುಕ್ಕಾಲು ಭಾಗ ಮಾತ್ರ ಹೊರಬರುತ್ತದೆ, ಟೈಪ್ ಮಾಡುವಾಗ ಅಲ್ಲಾಡುತ್ತದೆ.

ನಮ್ಮ ಸಲಹೆ ಬಾಗಿಲು ತೆಗೆಯುವುದೇ. ತೆರೆದ ಎರಡು ಬಾಗಿಲು ಅಕ್ಕಪಕ್ಕ ಎರಡೂವರೆ ಅಡಿ ಜಾಗ ತಿನ್ನುತ್ತವೆ, ಗಾಳಿಗೂ ಅಡ್ಡ. ಮುಚ್ಚುವುದು ಬೇಕೇ ಬೇಕೆಂದರೆ ಸಜ್ಜಾ ಅಂಚಿಗೆ ರಾಡ್ ಹಾಕಿ ದಪ್ಪ ಪರದೆ ಇಳಿಬಿಡಿ. ಗೂಡಿನೊಳಗೆ ಧ್ವನಿ ಗುಂಯ್‌ಗುಡುವುದನ್ನೂ ಅದು ತಗ್ಗಿಸುತ್ತದೆ.

ಬಾಗಿಲಿನ ಚೌಕಟ್ಟನ್ನು ಮರೆಯಬೇಡಿ. ಒಳಗೆ 60 ಇಂಚು ಇದ್ದರೂ ಎರಡೂ ಕಡೆ ಎರಡೂವರೆ ಇಂಚಿನ ಚೌಕಟ್ಟು ಇದ್ದರೆ ಬಾಯಿ 55 ಇಂಚು ಮಾತ್ರ. 60 ಇಂಚಿನ ಹಲಗೆಯನ್ನು ಕತ್ತರಿಸಿ ತಂದ ಮೇಲೆ ಅದು ಒಳಗೇ ಹೋಗದೆ ನಿಂತ ಪ್ರಸಂಗಗಳು ಬೇಕಾದಷ್ಟಿವೆ. ಒಂದೋ ಚೌಕಟ್ಟನ್ನು ನಡುವೆ ಗರಗಸದಿಂದ ಕತ್ತರಿಸಿ, ಹೋಲ್ಡ್‌ಫಾಸ್ಟ್ (ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿ) ಸಮೇತ ಕಿತ್ತುಹಾಕಿ. ಇಲ್ಲವೇ ಮೇಜನ್ನು ಎರಡು ತುಂಡಾಗಿ ಮಾಡಿ ಒಳಗೆ ಜೋಡಿಸಿ, ಮುಂದೆ ಚಾಚುವ ಭಾಗಕ್ಕೆ ಚೌಕಟ್ಟಿನ ಅಳತೆಗೆ ಕಚ್ಚು ತೆಗೆಸಿ.

ಒಡೆಯುವ ಮೊದಲು ನಾಲ್ಕು ಪರೀಕ್ಷೆ

ಸಜ್ಜಾ ಯಾವುದರ ಮೇಲೆ ನಿಂತಿದೆ ಎಂಬುದು ಮೊದಲನೆಯದು. ಕಬ್ಬಿಣ ಕಟ್ಟಿ ಹಾಕಿದ ಕಾಂಕ್ರೀಟ್ ಸಜ್ಜಾ ಎರಡೂ ಗೋಡೆಗೆ ಕಚ್ಚಿಕೊಂಡಿದ್ದರೆ ಒಳಗಿನ ಕಲ್ಲು ತೆಗೆಯಲು ತೊಂದರೆಯಿಲ್ಲ. ಆದರೆ ಕೆಲವು ಮನೆಗಳಲ್ಲಿ ಸಜ್ಜಾ ಕೂಡ ಕಡಪ ಕಲ್ಲೇ, ನಡುವೆ ನಿಲ್ಲಿಸಿದ ಕಡಪದ ಮೇಲೆ ಅದರ ಭಾರ ಕೂತಿರುತ್ತದೆ. ಆ ನಡುಗಲ್ಲನ್ನು ಕಿತ್ತರೆ ಮೇಲಿನದು ತಲೆ ಮೇಲೆ ಬರುತ್ತದೆ. ಸಜ್ಜಾ ತಳದ ಗಿಲಾವನ್ನು ಒಂದು ಕಡೆ ಸ್ವಲ್ಪ ಕೆರೆದು ನೋಡಿದರೆ ಕಲ್ಲೋ ಕಾಂಕ್ರೀಟೋ ಗೊತ್ತಾಗುತ್ತದೆ. ಅನುಮಾನ ಬಂದರೆ ಮೇಸ್ತ್ರಿ ನೋಡಿ ಹೇಳುವವರೆಗೆ ನಡುಗಲ್ಲು ಮುಟ್ಟಬೇಡಿ.

ಎರಡನೆಯದು ಹಿಂದಿನ ಗೋಡೆಯ ಆಚೆ ಏನಿದೆ ಎಂಬುದು. ಬೀರುವಿನ ಬೆನ್ನಿಗೆ ಬಾತ್‌ರೂಮ್ ಇರುವುದು ತೀರಾ ಸಾಮಾನ್ಯ. ಆ ಗೋಡೆಯೊಳಗೆ ನೀರಿನ ಪೈಪು ಹೋಗಿರುತ್ತದೆ. ಆಚೆ ಬದಿಯಲ್ಲಿ ನಲ್ಲಿ, ಶವರ್, ಗೀಸರ್ ಎಲ್ಲೆಲ್ಲಿವೆ ಎಂದು ಅಳೆದು, ಅವುಗಳ ನೇರಕ್ಕೆ ಮೇಲೆ, ಕೆಳಗೆ, ಅಡ್ಡಕ್ಕೆ ಬೀರುವಿನ ಗೋಡೆ ಮೇಲೆ ಚಾಕ್‌ನಿಂದ ಗೆರೆ ಎಳೆಯಿರಿ. ಆ ಗೆರೆಗಳ ಎರಡೂ ಬದಿ 4 ಇಂಚಿನೊಳಗೆ ಡ್ರಿಲ್ ಹಾಕಬಾರದು. ಹಿಂದಿನ ಗೋಡೆ ಪೂರ್ತಿ ಅನುಮಾನವೆನಿಸಿದರೆ ಮೇಜಿನ ಭಾರವನ್ನು ಪಕ್ಕದ ಎರಡು ಗೋಡೆ ಮತ್ತು ಹಿಂಬದಿಯ ಎರಡು ಕಬ್ಬಿಣದ ಕಾಲುಗಳ ಮೇಲೆ ಹೊರಿಸಿ.

ಮೂರನೆಯದು ತೇವ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ಗೋಡೆಯೊಳಗಿಂದ ನೀರು ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯಲ್ಲೇ ತೇವ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಎರಡನೆಯದು ಇದ್ದದ್ದೇ, ಗಾಳಿ ಆಡಿದರೆ ಸರಿಹೋಗುತ್ತದೆ. ಮೊದಲನೆಯದಾದರೆ ಸೋರಿಕೆ ನಿಲ್ಲಿಸದೆ ಪ್ಲೈವುಡ್ ತಾಗಿಸಬೇಡಿ. ಬಣ್ಣ ಬಳಿದು ಮುಚ್ಚಿದರೆ ಮುಂದಿನ ಮಳೆಗೆ ಉಪ್ಪು ಕಟ್ಟಿ ಉದುರುತ್ತದೆ.

ನಾಲ್ಕನೆಯದು ಗೆದ್ದಲು. ಹಳೆ ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರ್ ಚುಚ್ಚಿ. ಟೊಳ್ಳು ಸದ್ದು, ಮಣ್ಣಿನ ಗೆರೆ ಕಂಡರೆ ಮರ ಪೂರ್ತಿ ತೆಗೆಸಿ, ಗೆದ್ದಲಿನ ಔಷಧಿ ಹೊಡೆಸಿದ ಮೇಲೆಯೇ ಹೊಸ ಮರ ಒಳಗೆ ತನ್ನಿ.

ಹೊಸ ಅಪಾರ್ಟ್‌ಮೆಂಟುಗಳಲ್ಲಿ ಗೋಡೆಯೇ ಕಾಂಕ್ರೀಟಿನದಾಗಿದ್ದರೆ ಅದನ್ನು ಕೊರೆದು ಪೈಪ್ ಹೂಳುವಂತಿಲ್ಲ. ಅಲ್ಲಿ ವೈರಿಂಗ್ ಗೋಡೆಯ ಮೇಲೆಯೇ ಬರಬೇಕು. ಬಾಡಿಗೆ ಮನೆಯಾದರೆ ಒಡೆಯುವ ಮಾತೇ ಬೇಡ. ಬಾಗಿಲು ಬಿಚ್ಚಿ ಜೋಪಾನವಾಗಿ ಎತ್ತಿಟ್ಟು, ನಾಲ್ಕು ಕಾಲಿನ ಸಣ್ಣ ಮೇಜನ್ನು ಗೂಡಿನ ಅಳತೆಗೆ ಮಾಡಿಸಿ ಒಳಗೆ ತಳ್ಳಿ.

ಕಡಪ ತೆಗೆಯುವುದು

ಒಡೆಯುವ ಮೊದಲು ಟೇಪ್ ಹಿಡಿದು ಒಂದು ಸಲ ನೋಡಿ: ನಿಮ್ಮ ಶೆಲ್ಫುಗಳಲ್ಲಿ ಒಂದರ ಮೇಲ್ಮೈ ನೆಲದಿಂದ 26ರಿಂದ 27¼ ಇಂಚಿನ ನಡುವೆ ಇದೆಯೇ? ಇದ್ದರೆ ನಿಮ್ಮ ಅರ್ಧ ಕೆಲಸ ಮುಗಿದಿದೆ. ಅದನ್ನು ಹಾಗೇ ಉಳಿಸಿಕೊಂಡು, ಬೇಕಾದಷ್ಟು ದಪ್ಪದ ಮರದ ಪಟ್ಟಿ ಕೊಟ್ಟು ಮೇಲೆ ಪ್ಲೈವುಡ್ ಹಾಸಿದರೆ ಮೇಜು ಸಿದ್ಧ. ಕಲ್ಲು ಬಾಗುವುದಿಲ್ಲ, ಆದರೆ ನಡುವೆ ಆಧಾರವಿಲ್ಲದೆ 5 ಅಡಿ ಚಾಚಿದ ಕಡಪ ಒಂದೇ ಕಡೆ ಭಾರ ಬಿದ್ದರೆ ಸೀಳುತ್ತದೆ. ಅದು ಹಿಂದಿನ ಗೋಡೆಗೂ ಕಚ್ಚಿದೆಯೇ ನೋಡಿ. ಇಲ್ಲದಿದ್ದರೆ ಕೆಳಗೆ ಕಬ್ಬಿಣದ ಆಂಗಲ್ (L ಆಕಾರದ ಪಟ್ಟಿ) ಕೊಡಿ.

ಉಳಿದ ಕಲ್ಲುಗಳ ತೂಕ ಕಡಿಮೆಯೆಂದು ಭಾವಿಸಬೇಡಿ. ಒಂದು ಇಂಚು ದಪ್ಪದ ಕಡಪ ಚದರಡಿಗೆ ಸುಮಾರು 6 ಕಿಲೋ. 5 ಅಡಿ ಉದ್ದ, ಒಂದೂವರೆ ಅಡಿ ಅಗಲದ ಒಂದು ಶೆಲ್ಫು 45 ಕಿಲೋ ತೂಗುತ್ತದೆ. ಇಬ್ಬರಿಲ್ಲದೆ ಮುಟ್ಟಬಾರದು. ಯಾವಾಗಲೂ ಮೇಲಿನ ಶೆಲ್ಫಿನಿಂದ ಶುರು ಮಾಡಿ ಕೆಳಕ್ಕೆ ಬನ್ನಿ, ಏಕೆಂದರೆ ಕೆಳಗಿನ ನಡುಗಲ್ಲು ಮೇಲಿನದನ್ನು ಹೊತ್ತಿರುತ್ತದೆ.

ಸುತ್ತಿಗೆಯಿಂದ ಬಡಿಯುವುದು ಬೇಡವೇ ಬೇಡ. ಪಕ್ಕದ ಗೋಡೆ 4 ಇಂಚಿನದಾಗಿದ್ದರೆ ಏಟು ಆಚೆ ಬದಿಗೆ ಹಾದು ಗಿಲಾವು ಬಿರುಕು ಬಿಡುತ್ತದೆ. ಶೆಲ್ಫಿನ ಕೆಳಗೆ ಎರಡು ಕಡೆ ಮರದ ಆಸರೆ ಕೊಟ್ಟು, 4 ಇಂಚಿನ ಕಟಿಂಗ್ ಮಷೀನಿಗೆ ಡೈಮಂಡ್ ಬ್ಲೇಡ್ ಹಾಕಿ, ಗೋಡೆಯಿಂದ 2 ಇಂಚು ಬಿಟ್ಟು ಎರಡೂ ತುದಿಯಲ್ಲಿ ಕತ್ತರಿಸಬೇಕು. ಬ್ಲೇಡು ಒಂದೇ ಕಡೆಯಿಂದ ಪೂರ್ತಿ ಇಳಿಯದಿದ್ದರೆ ಕೆಳಗಿನಿಂದಲೂ ಗೀರು ಹಾಕಬೇಕು. ಹಿಂದಿನ ಗೋಡೆಗೂ ಕಚ್ಚಿದ್ದರೆ ಆ ಉದ್ದಕ್ಕೂ ಇದೇ ರೀತಿ. ಕಲ್ಲು ಕೆಳಗಿಳಿದ ಮೇಲೆ ಗೋಡೆಯಲ್ಲಿ ಉಳಿದ ಮೊಂಡುಗಳನ್ನು ಸಣ್ಣ ಉಳಿಯಿಂದ ಮೆಲ್ಲಗೆ ಬಿಡಿಸಿ. ಕನ್ನಡಕ, ಎನ್95 ಮಾಸ್ಕ್ ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ನಿಲ್ಲಿಸಬೇಡಿ, ಕೂಲಿಗೆ ಬಂದವರಿಗೂ ನೀವೇ ಕೊಡಿ. ಕೋಣೆಯ ಬಾಗಿಲಿಗೆ ಒದ್ದೆ ಬಟ್ಟೆ ಕಟ್ಟಿ, ಮಂಚವನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿ. ಈ ಧೂಳು ವಾರಗಟ್ಟಲೆ ಇಳಿಯುತ್ತಿರುತ್ತದೆ.

ಕಲ್ಲು ಕಿತ್ತ ಕಚ್ಚುಗಳನ್ನು ಸಿಮೆಂಟ್ ಗಾರೆಯಿಂದ ತುಂಬಿ ಒಂದು ವಾರ ನೀರು ಹೊಡೆಯಬೇಕು. ಅದು ಪೂರ್ತಿ ಒಣಗಿದ ಮೇಲೆ ಪುಟ್ಟಿ, ಪ್ರೈಮರ್, ಬಣ್ಣ. ಹಸಿ ಗಾರೆಯ ಮೇಲೆ ಪುಟ್ಟಿ ಎಳೆದರೆ ಪದರ ಪದರವಾಗಿ ಎದ್ದು ಬರುತ್ತದೆ. ಆದರೆ ಪುಟ್ಟಿಗೆ ಮೊದಲು ವೈರಿಂಗ್ ಮುಗಿಯಬೇಕು.

ಕರೆಂಟು

ದುಡ್ಡು ಎಲ್ಲಿ ಉಳಿಸಿದರೂ ಇಲ್ಲಿ ಉಳಿಸಬೇಡಿ.

ಲೋಡ್ ದೊಡ್ಡದೇನಲ್ಲ. ಲ್ಯಾಪ್‌ಟಾಪ್ 65 ವ್ಯಾಟ್, ಮಾನಿಟರ್ 30, ರೌಟರ್ 12, ಎಲ್‌ಇಡಿ 15, ಎಲ್ಲ ಸೇರಿ 122 ವ್ಯಾಟ್. 230 ವೋಲ್ಟಿನಲ್ಲಿ ಇದು ಅರ್ಧ ಆಂಪಿಯರ್ ಚಿಲ್ಲರೆ. 6 ಆಂಪಿಯರ್ ಸಾಕೆಟ್ಟು, 1.5 ಚದರ ಮಿ.ಮೀ ತಾಮ್ರದ ಎಫ್‌ಆರ್ (ಬೆಂಕಿ ಹಬ್ಬದಂತೆ ತಡೆಯುವ ಹೊದಿಕೆಯ) ವೈರು ಸಾಕು. ಲೇಸರ್ ಪ್ರಿಂಟರ್ ಮಾತ್ರ ಬೇರೆ ಜಾತಿ. ಕಾಗದ ಕಾಯಿಸುವ ಕ್ಷಣದಲ್ಲಿ ಅದು ನೂರಾರು ವ್ಯಾಟ್ ಎಳೆಯುತ್ತದೆ. ಅದನ್ನು ಯುಪಿಎಸ್‌ಗಾಗಲೀ ಇನ್ವರ್ಟರ್ ಲೈನಿಗಾಗಲೀ ಹಾಕದೆ, ಬೇರೆ ಕಡೆ 16 ಆಂಪಿಯರ್ ಪಾಯಿಂಟಿಗೆ ಕೊಡಿ.

ಅಪಾಯ ಲೋಡಿನಲ್ಲಿಲ್ಲ, ಅರ್ತಿಂಗಿನಲ್ಲಿದೆ. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜ್ ಆಗುವಾಗ ಮುಂಗೈಗೆ ಜುಮ್ಮೆಂದರೆ ಸಾಕೆಟ್ಟಿನಲ್ಲಿ ಅರ್ತ್ ಇಲ್ಲವೇನೋ ಎಂದು ಮೊದಲು ಅನುಮಾನಿಸಬೇಕು. ಹಳೆ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್ಟಿದ್ದರೂ ಹಿಂದೆ ಹಸಿರು ವೈರೇ ಬಂದಿರುವುದಿಲ್ಲ. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದಾಗ ಫೇಸ್-ನ್ಯೂಟ್ರಲ್ 230ರ ಆಸುಪಾಸು, ಫೇಸ್-ಅರ್ತ್ ಕೂಡ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ತ್ ಎರಡು ಮೂರು ವೋಲ್ಟ್ ತೋರಿಸಬೇಕು. ಫೇಸ್-ಅರ್ತ್ ತೀರಾ ಕಡಿಮೆ ಬಂದರೆ ಅರ್ತ್ ಕೆಟ್ಟಿದೆ. ಆಗ ಕೆಲವರು ಸಾಕೆಟ್ಟಿನಲ್ಲೇ ನ್ಯೂಟ್ರಲ್ಲಿನಿಂದ ಅರ್ತಿಗೆ ಒಂದು ತುಂಡು ವೈರ್ ಕಟ್ಟಿ "ಸರಿ ಹೋಯ್ತು" ಎನ್ನುತ್ತಾರೆ. ಇದನ್ನು ಒಪ್ಪಲೇಬೇಡಿ. ಎಲ್ಲೋ ನ್ಯೂಟ್ರಲ್ ಕಡಿದರೆ ನಿಮ್ಮ ಕಂಪ್ಯೂಟರಿನ ಮೈಗೇ 230 ವೋಲ್ಟ್ ಬರುತ್ತದೆ. ಮುಖ್ಯ ಬೋರ್ಡಿನಿಂದ ಪ್ರತ್ಯೇಕ ಅರ್ತ್ ವೈರ್ ಎಳೆಸಿ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಹಾಕಿಸಿ.

ಬೋರ್ಡನ್ನು ಮೇಜಿನ ಮೇಲ್ಮೈಯಿಂದ 6 ಇಂಚು ಮೇಲೆ, ಪಕ್ಕದ ಗೋಡೆಯಲ್ಲಿ ಕೂರಿಸಿ. ಮೇಜಿನ ಕೆಳಗಿಟ್ಟರೆ ಕಾಲು ತಾಗಿ ಪ್ಲಗ್ ಸಡಿಲವಾಗುತ್ತದೆ, ನೆಲ ಒರೆಸುವಾಗ ನೀರು ಸಿಡಿಯುತ್ತದೆ. 6 ಆಂಪಿಯರಿನ ಸಾಕೆಟ್ಟು ಕನಿಷ್ಠ 5 ಇರಲಿ. ಮೂರಕ್ಕೆ ತೃಪ್ತಿಪಟ್ಟರೆ ಎಕ್ಸ್‌ಟೆನ್ಷನ್ ಬೋರ್ಡ್ ಬಂದೇ ಬರುತ್ತದೆ. 4 ಇಂಚಿನ ಗೋಡೆಯಲ್ಲಿ ಅಡ್ಡಕ್ಕೆ ಉದ್ದವಾಗಿ ಕೊರೆಯಬೇಡಿ, ಗೋಡೆ ದುರ್ಬಲವಾಗುತ್ತದೆ. ಲಂಬವಾಗಿ ಇಳಿಸಿ ಅಥವಾ ಮೂಲೆಯಲ್ಲಿ 25 ಮಿ.ಮೀ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆಸಿ.

ಇನ್ವರ್ಟರ್ ಇರುವ ಮನೆಯಲ್ಲಿ ಅದರ ಲೈನು ಸಾಮಾನ್ಯವಾಗಿ ದೀಪ, ಫ್ಯಾನಿಗಷ್ಟೇ ಹೋಗಿರುತ್ತದೆ. ಐದರಲ್ಲಿ ಎರಡು ಸಾಕೆಟ್ಟನ್ನು ಆ ಲೈನಿಗೆ ಸೇರಿಸಿ: ಒಂದು ಲ್ಯಾಪ್‌ಟಾಪಿಗೆ, ಒಂದು ಮಾನಿಟರಿಗೆ. ಹೀಗೆ ಸೇರಿಸುವಾಗ ಇನ್ವರ್ಟರ್ ಲೈನಿನ ನ್ಯೂಟ್ರಲ್ಲೇ ಬರಬೇಕು. ಬೇರೆ ಲೈನಿನ ನ್ಯೂಟ್ರಲ್ ಕಲಬೆರಕೆಯಾದರೆ ಆರ್‌ಸಿಸಿಬಿ ಪದೇಪದೇ ಬೀಳುತ್ತದೆ. ರೌಟರ್ ಹಾಲಿನಲ್ಲಿದ್ದರೆ ಅದಕ್ಕೊಂದು 12 ವೋಲ್ಟಿನ ಮಿನಿ ಯುಪಿಎಸ್ ಸಾಕು. ಕೊಳ್ಳುವ ಮೊದಲು ರೌಟರ್ ಅಡಾಪ್ಟರಿನ ಮೇಲೆ ಬರೆದ ವೋಲ್ಟ್, ಆಂಪಿಯರ್ ಓದಿಕೊಳ್ಳಿ.

ಮೂರು ಕಡೆ ಗೋಡೆ, ಮೇಲೆ ಕಾಂಕ್ರೀಟು ಇರುವ ಗೂಡಿನಲ್ಲಿ ವೈಫೈ ಸೊರಗುತ್ತದೆ, ಪಕ್ಕದಲ್ಲಿ ಸ್ಟೀಲ್ ಬೀರು ಇದ್ದರೆ ಇನ್ನಷ್ಟು. ವೈರಿಂಗ್ ಮಾಡಿಸುವಾಗಲೇ ರೌಟರಿನಿಂದ ಒಂದು ಕ್ಯಾಟ್-6 ಇಂಟರ್ನೆಟ್ ಕೇಬಲ್ ಎಳೆಸಿಬಿಡಿ. ಅದು ಕರೆಂಟಿನ ಪೈಪಿನಲ್ಲೇ ಬರಬಾರದು, ಪ್ರತ್ಯೇಕ ಪೈಪು ಬೇಕು.

ಮೇಜು ಕೂರಿಸುವುದು

ಪ್ಲೈವುಡ್ 18 ಮಿ.ಮೀ, ಬಿಡಬ್ಲ್ಯುಆರ್ (ನೀರು ತಡೆಯುವ) ದರ್ಜೆ. ಹಾಳೆಯ ಮೇಲೆ ಐಎಸ್ 303 ಎಂಬ ಮುದ್ರೆ ಇರಬೇಕು. ತೇವದ ಊರಾದರೆ ಐಎಸ್ 710, ಅಂಗಡಿಯವರು ಮರೈನ್ ಎನ್ನುವುದು ಇದಕ್ಕೇ. ಪಾರ್ಟಿಕಲ್ ಬೋರ್ಡ್ ಅಗ್ಗವೆಂದು ತಂದರೆ ಒಂದೆರಡು ವರ್ಷದಲ್ಲಿ ನಡು ಜೋಲುತ್ತದೆ, ನೀರು ಬಿದ್ದ ಅಂಚು ಉಬ್ಬುತ್ತದೆ.

8×4 ಅಡಿಯ ಒಂದೇ ಹಾಳೆಯಲ್ಲಿ ಎಲ್ಲವೂ ಬರುತ್ತದೆ. ಉದ್ದಕ್ಕೆ ಸೀಳಿಸಿ: ಒಂದು 24 ಇಂಚಿನ ಪಟ್ಟಿ, ಎರಡು 10 ಇಂಚಿನ ಪಟ್ಟಿ, ಉಳಿದದ್ದು ಸುಮಾರು ಮೂರೂವರೆ ಇಂಚು. ಅಗಲದ ಪಟ್ಟಿಯಿಂದ ಮೇಜು, 10 ಇಂಚಿನವುಗಳಿಂದ ಎರಡು ಶೆಲ್ಫು. ತುದಿಯ 36 ಇಂಚಿನ ತುಂಡುಗಳಲ್ಲಿ ಕೀಬೋರ್ಡ್ ಟ್ರೇಯನ್ನೋ ಸಣ್ಣ ಡ್ರಾಯರನ್ನೋ ಮಾಡಿಸಬಹುದು. ಮೇಜಿನ ಉದ್ದ ಹಾಳೆಯ 8 ಅಡಿಯ ದಿಕ್ಕಿನಲ್ಲೇ ಇರಲಿ, ಪ್ಲೈವುಡ್ಡಿಗೆ ಆ ದಿಕ್ಕಿನಲ್ಲಿ ಬಲ ಹೆಚ್ಚು. ಮೇಲೆ 1 ಮಿ.ಮೀ ಮ್ಯಾಟ್ ಲ್ಯಾಮಿನೇಟ್, ಕೆಳಗೆ 0.8 ಮಿ.ಮೀ ಲೈನರ್. ಕೆಳಗೇಕೆ ಖರ್ಚು ಎಂದು ಬಿಟ್ಟರೆ ಒಂದೇ ಮಳೆಗಾಲದಲ್ಲಿ ಹಲಗೆ ಡೊಂಕಾಗುತ್ತದೆ, ಏಕೆಂದರೆ ತೇವ ಒಂದೇ ಮೈಯಿಂದ ಒಳಗಿಳಿಯುತ್ತದೆ. ಅಂಚಿಗೆ 2 ಮಿ.ಮೀ ಪಿವಿಸಿ ಪಟ್ಟಿ. ಮುಂದಿನ ಅಂಚನ್ನು ಸ್ವಲ್ಪ ಉರುಟು ಮಾಡಿಸಿದರೆ ಮುಂಗೈಗೆ ಒತ್ತುವುದಿಲ್ಲ.

ಹಳೆ ಮನೆಯ ಯಾವ ಮೂಲೆಯೂ ಮೂಲೆಮಟ್ಟಕ್ಕೆ ಸರಿಯಾಗಿರುವುದಿಲ್ಲ. ಅಗಲವನ್ನು ಹಿಂದೆ, ನಡುವೆ, ಮುಂದೆ ಮೂರು ಕಡೆ ಅಳೆಯಿರಿ, ಅದೂ ಮೇಜು ಕೂರುವ ಎತ್ತರದಲ್ಲೇ. ಮುಕ್ಕಾಲು ಇಂಚು ವ್ಯತ್ಯಾಸ ಬಂದರೆ ಅಚ್ಚರಿಯಿಲ್ಲ. ಟಿವಿ ಬಂದ ರಟ್ಟಿನ ಪೆಟ್ಟಿಗೆಯಿಂದ ಗೂಡಿನ ಆಕಾರ ಕತ್ತರಿಸಿ ಕೂರಿಸಿ ನೋಡಿ, ಆ ರಟ್ಟಿಗಿಂತ ಒಟ್ಟು 6 ಮಿ.ಮೀ ಚಿಕ್ಕದಾಗಿ ಪ್ಲೈವುಡ್ ಕತ್ತರಿಸಲು ಹೇಳಿ.

ಆಧಾರಕ್ಕೆ ಮರದ ಪಟ್ಟಿಗಿಂತ 40×40×5 ಮಿ.ಮೀ ಕಬ್ಬಿಣದ ಆಂಗಲ್ ಒಳ್ಳೆಯದು. ತೆಳುವಾಗಿದ್ದು ಮೊಣಕಾಲಿನ ಜಾಗ ತಿನ್ನುವುದಿಲ್ಲ, ಗೆದ್ದಲಿಗೂ ದಕ್ಕುವುದಿಲ್ಲ. ಗ್ರಿಲ್ ಅಂಗಡಿಯಲ್ಲಿ ಹಿಂದಕ್ಕೆ 58 ಇಂಚು, ಪಕ್ಕಕ್ಕೆ 20 ಇಂಚಿನ ಎರಡು, ಮುಂದಿನ ಅಂಚಿನಡಿಗೆ 56 ಇಂಚಿನದೊಂದು ಕತ್ತರಿಸಿಕೊಡಲು ಹೇಳಿ. ಒಟ್ಟು 13 ಅಡಿ, ತೂಕ ಸುಮಾರು 12 ಕಿಲೋ. ಗೋಡೆಗೆ ತಾಗುವ ಮೈಯಲ್ಲಿ 9 ಇಂಚಿಗೊಂದು 6 ಮಿ.ಮೀ ರಂಧ್ರ, ತುದಿಯಿಂದ 2 ಇಂಚು ಒಳಗೆ ಮೊದಲನೆಯದು. ಮೇಲಿನ ಮೈಯಲ್ಲೂ ಪ್ಲೈವುಡ್ಡಿಗೆ ಸ್ಕ್ರೂ ಹಾಕಲು ರಂಧ್ರ ಹಾಕಿಸಿ. ರೆಡ್ ಆಕ್ಸೈಡ್ ಬಳಿದು ಮೇಲೆ ಎನಾಮೆಲ್ ಬಣ್ಣ.

28 ಇಂಚು ಎಂದರೆ 711 ಮಿ.ಮೀ. ಲ್ಯಾಮಿನೇಟ್ ಸೇರಿ ಹಲಗೆಯ ದಪ್ಪ 20 ಮಿ.ಮೀ. ಅಲ್ಲಿಗೆ ಆಂಗಲ್ಲಿನ ಮೇಲ್ಮೈ ನೆಲದಿಂದ 691 ಮಿ.ಮೀ. ನೆಲವೇ ಓರೆಯಿರಬಹುದಾದ್ದರಿಂದ ಒಂದು ಮೂಲೆಯಲ್ಲಿ ಮಾತ್ರ ಈ ಎತ್ತರ ಗುರುತು ಹಾಕಿ, ಉಳಿದದ್ದನ್ನು ರಸಮಟ್ಟದಿಂದಲೋ ನೀರು ತುಂಬಿದ ಪೈಪಿನಿಂದಲೋ ಸುತ್ತ ಒಯ್ಯಿರಿ.

ಇಟ್ಟಿಗೆ ಗೋಡೆಗೆ 8 ಮಿ.ಮೀ ನೈಲಾನ್ ಪ್ಲಗ್, 10 ನಂಬರಿನ 75 ಮಿ.ಮೀ ಸ್ಕ್ರೂ. ಲೆಕ್ಕ ಹೀಗೆ: ಆಂಗಲ್ 5, ಗಿಲಾವು ಸುಮಾರು 15, ಇಟ್ಟಿಗೆಯೊಳಗೆ 50ಕ್ಕೂ ಮಿಕ್ಕು. ಗಿಲಾವು ಭಾರ ಹಿಡಿಯುವುದಿಲ್ಲ. 40 ಮಿ.ಮೀ ಸ್ಕ್ರೂ ಹಾಕಿದ ಮೇಜು ಮೊದಲು ಗಟ್ಟಿಯಾಗೇ ಕಾಣುತ್ತದೆ, ಯಾರಾದರೂ ಅಂಚಿಗೆ ಕೈಯೂರಿ ಎದ್ದ ದಿನ ಪ್ಲಗ್ ಸಮೇತ ಕಿತ್ತು ಬರುತ್ತದೆ. ಡ್ರಿಲ್ ಒಳಗಿಳಿಯುವಾಗ ಕೆಂಪು ಪುಡಿ ಬಂದರೆ ಇಟ್ಟಿಗೆ, ಬೂದಿ ಬಣ್ಣದ ಪುಡಿ ಬಂದು ಕಷ್ಟಪಟ್ಟು ಇಳಿದರೆ ಕಾಂಕ್ರೀಟು. ಒಮ್ಮೆಗೇ ಟೊಳ್ಳಿಗೆ ಜಾರಿದರೆ ಹಾಲೋ ಬ್ಲಾಕ್, ಅದಕ್ಕೆ ಮಾಮೂಲಿ ಪ್ಲಗ್ ನಿಲ್ಲದು. ಹಾಲೋ ಬ್ಲಾಕ್‌ಗೂ, ಹಗುರವಾದ ಬಿಳಿ ಎಎಸಿ (ಒಳಗೆ ಗಾಳಿಗುಳ್ಳೆ ತುಂಬಿದ ಸಿಮೆಂಟ್) ಬ್ಲಾಕ್‌ಗೂ ಅವಕ್ಕೆಂದೇ ಮಾಡಿದ ಪ್ಲಗ್ ಕೇಳಿ ತನ್ನಿ.

ಮುಂದಿನ ಆಂಗಲ್ಲನ್ನು ಅಂಚಿನಿಂದ 2 ಇಂಚು ಒಳಗೆ ಹಲಗೆಯ ತಳಕ್ಕೆ 6 ಇಂಚಿಗೊಂದು ಸ್ಕ್ರೂ ಹಾಕಿ ಬಿಗಿಯಿರಿ. ಇದಿಲ್ಲದಿದ್ದರೆ 5 ಅಡಿ ಉದ್ದದ ಮುಂದಿನ ಅಂಚು ನಡುವೆ ಜಗ್ಗುತ್ತದೆ. ಆಂಗಲ್ಲಿನಿಂದ ಪ್ಲೈವುಡ್ಡಿಗೆ 20 ಮಿ.ಮೀ ಸ್ಕ್ರೂ ಮಾತ್ರ. 25 ಹಾಕಿದರೆ ಮೊನೆ ಮೇಲಿನ ಲ್ಯಾಮಿನೇಟನ್ನು ಎಬ್ಬಿಸುತ್ತದೆ, ಒಮ್ಮೆ ಎದ್ದರೆ ರಿಪೇರಿಯಿಲ್ಲ.

ಪರದೆ, ಬೆಳಕು, ಗಾಳಿ

ಮಾನಿಟರಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು. ಮಧ್ಯಮ ಎತ್ತರದವರಿಗೆ ಅದು ನೆಲದಿಂದ 45 ಇಂಚು, ಅಂದರೆ ಮೇಜಿನಿಂದ 17 ಇಂಚು. ಓದುವ ಭಾಗವಿರುವ ಕನ್ನಡಕ ಹಾಕುವವರು ಎರಡು ಮೂರು ಇಂಚು ಇಳಿಸಿಕೊಳ್ಳಿ, ಇಲ್ಲದಿದ್ದರೆ ದಿನವಿಡೀ ಗಲ್ಲ ಎತ್ತಿಯೇ ನೋಡಬೇಕಾಗುತ್ತದೆ. ಗೋಡೆಗೆ ನೇತುಹಾಕುವ ಬ್ರಾಕೆಟ್ ಹಾಕಿದರೆ ಮೇಜಿನ ಮೇಲೆ ಏಳೆಂಟು ಇಂಚು ಆಳ ಉಳಿಯುತ್ತದೆ. ಕೊಳ್ಳುವಾಗ ಮಾನಿಟರಿನ ಬೆನ್ನಿನ ನಾಲ್ಕು ರಂಧ್ರಗಳ ಅಂತರ 75 ಮಿ.ಮೀಯೋ 100 ಮಿ.ಮೀಯೋ ಅಳೆದುಕೊಂಡು ಹೋಗಿ. ಮೊದಲ ಶೆಲ್ಫಿನ ತಳ ನೆಲದಿಂದ 48 ಇಂಚು, ಎರಡನೆಯದು 62. ಆಳ 10 ಇಂಚು ಮೀರಿದರೆ ಕೆಳಗೆ ನೆರಳು, ಎದ್ದಾಗ ಹಣೆಗೆ ಏಟು.

ಕೋಣೆಯ ಟ್ಯೂಬ್‌ಲೈಟ್ ನಿಮ್ಮ ಬೆನ್ನ ಹಿಂದೆ ಇರುವುದರಿಂದ ಮೇಜಿನ ಮೇಲೆ ನಿಮ್ಮದೇ ನೆರಳು, ಪರದೆಯಲ್ಲಿ ಅದರ ಪ್ರತಿಬಿಂಬ. ಮೊದಲ ಶೆಲ್ಫಿನ ತಳದಲ್ಲಿ, ಮುಂದಿನ ಅಂಚಿನಿಂದ 2 ಇಂಚು ಒಳಗೆ, 4000 ಕೆಲ್ವಿನ್ ಬಣ್ಣದ 4 ಅಡಿ ಎಲ್‌ಇಡಿ ಪ್ರೊಫೈಲ್ ಹಾಕಿಸಿ, ಹಾಲುಬಿಳಿ ಮುಚ್ಚಳದೊಂದಿಗೆ. ಹಿಂದಿನ ಗೋಡೆಗೆ ಅಂಟಿಸಿದರೆ ಗೋಡೆ ಬೆಳಗುತ್ತದೆಯೇ ಹೊರತು ಕೀಬೋರ್ಡ್ ಬೆಳಗದು. ಒಳಗೋಡೆಗೆ ತಿಳಿ ಬಣ್ಣದ ಮ್ಯಾಟ್ ಪೇಂಟ್ ಇದ್ದರೆ ಅದೇ ಬೆಳಕು ಮುಖಕ್ಕೂ ಮರಳಿ ಬೀಳುತ್ತದೆ, ವಿಡಿಯೋ ಕಾಲ್‌ನಲ್ಲಿ ಮುಖ ಕಪ್ಪಾಗುವುದಿಲ್ಲ.

ಸೀಲಿಂಗ್ ಫ್ಯಾನಿನ ಗಾಳಿ ಸಜ್ಜಾ ಕೆಳಗೆ ಬರುವುದಿಲ್ಲ. ಏಪ್ರಿಲ್‌ನಲ್ಲಿ ಇದು ಚೆನ್ನಾಗಿ ಅರಿವಾಗುತ್ತದೆ. ಪಕ್ಕದ ಗೋಡೆಯಲ್ಲಿ, ಎರಡನೇ ಶೆಲ್ಫಿನ ಮಟ್ಟಕ್ಕೆ, 9 ಇಂಚಿನ ವಾಲ್ ಫ್ಯಾನಿಗೆ ಜಾಗ ಮತ್ತು ಪಾಯಿಂಟ್ ಮೊದಲೇ ಬಿಟ್ಟಿರಿ, ಅಷ್ಟು ಉದ್ದ ಶೆಲ್ಫು ಕಡಿಮೆ ಮಾಡಿ. ಡೆಸ್ಕ್‌ಟಾಪ್ ಸಿಪಿಯು ಇದ್ದರೆ ಅದರ ಹಿಂದೆ, ಪಕ್ಕದಲ್ಲಿ 3 ಇಂಚು ಖಾಲಿ ಬೇಕು, ನೆಲದಿಂದ ಒಂದಿಷ್ಟು ಮೇಲೂ ಇರಬೇಕು.

ಲ್ಯಾಮಿನೇಟ್ ಅಂಟಿನ ವಾಸನೆ ಗೂಡಿನಲ್ಲಿ ಬೇಗ ಹೋಗುವುದಿಲ್ಲ. ಕಿಟಕಿ ತೆರೆದು ಒಂದು ವಾರ ಬಿಟ್ಟು ಕೂರಲು ಶುರು ಮಾಡಿ. ತಿಂಗಳಾದ ಮೇಲೆ ಆಂಗಲ್ಲಿನ ಸ್ಕ್ರೂಗಳನ್ನೆಲ್ಲ ಒಂದು ಸುತ್ತು ಬಿಗಿಯಿರಿ. ಆಗ ಒಂದೆರಡು ಸುಮ್ಮನೆ ತಿರುಗುತ್ತಲೇ ಇದ್ದರೆ ಆ ಪ್ಲಗ್ ಗಾರೆಯಲ್ಲಷ್ಟೇ ನಿಂತಿದೆ. ಅದನ್ನು ಕಿತ್ತು, 10 ಮಿ.ಮೀ ಬಿಟ್‌ನಿಂದ ಆಳಕ್ಕೆ ಕೊರೆದು, 10 ಮಿ.ಮೀ ಪ್ಲಗ್ ಹೊಡೆದು ಅದಕ್ಕೆ ಹೊಂದುವ ದಪ್ಪ ಸ್ಕ್ರೂ ಹಾಕಿ.